ಸೊನ್ನೆಯಿಂದ ಹತ್ತರವರೆಗೆ, ನನ್ನ ಬಲಗೈ

ಮೊದಲು ನಿಂತುಹೋಗಿದ್ದು ಜಡೆ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಕೂದಲನ್ನು ಮೂರು ಭಾಗ ಮಾಡಿಕೊಳ್ಳಲು ಬಲಗೈಯನ್ನು ಹಿಂದಕ್ಕೆ ಒಯ್ದೆ. ಕಿವಿಯ ಹತ್ತಿರ ಬಂದ ಕೈ ಅಲ್ಲೇ ನಿಂತಿತು, ಯಾರೋ ಹಿಂದಿನಿಂದ ಮಣಿಕಟ್ಟು ಹಿಡಿದುಕೊಂಡ ಹಾಗೆ. ನಾನು ನಿಜವಾಗಿಯೂ ತಿರುಗಿ ನೋಡಿದೆ. ಬಚ್ಚಲ ಬಾಗಿಲು, ಮೊಳೆಗೆ ತೂಗಿದ್ದ ಟವೆಲು, ಅಷ್ಟೇ.

ನೋವು ಅದಕ್ಕೂ ಎರಡು ತಿಂಗಳು ಮೊದಲೇ ಬಂದಿತ್ತು. ಅಡ್ಡಾದಿಡ್ಡಿ ಮಲಗಿದ್ದರಿಂದ ಇರಬೇಕು ಎಂದುಕೊಂಡಿದ್ದೆ. ಜಡೆಯ ಬದಲು ಕ್ಲಿಪ್ಪು ಹಾಕಿಕೊಂಡೆ. ಸೆರಗನ್ನು ಎಡಗೈಯಲ್ಲೇ ಹಿಂದಕ್ಕೆ ಎಸೆಯುವುದನ್ನು ಕಲಿತೆ. ಅಡಿಗೆಮನೆಯಲ್ಲಿ ಮೇಲಿನ ಹಲಗೆಯ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದೆ. ಮೊದಲು ಬೇಳೆ, ಆಮೇಲೆ ಹುಣಿಸೆಹಣ್ಣು, ಆಮೇಲೆ ಹಬ್ಬಕ್ಕೆ ಮಾತ್ರ ತೆಗೆಯುವ ಹಿತ್ತಾಳೆ ಪಾತ್ರೆಗಳು. ತಿಂಗಳು ಕಳೆಯುವಷ್ಟರಲ್ಲಿ ಮೇಲಿನ ಎರಡು ಹಲಗೆಗಳೂ ಬರಿದಾದವು. ಮನೆಯಲ್ಲಿ ಯಾರಿಗೂ ಅದು ಕಾಣಲಿಲ್ಲ.

ಯಾರಿಗೂ ಎಂದರೆ ನಮ್ಮವರಿಗೆ. ಹಿಂದೂಪುರದ ಈ ಮನೆಯಲ್ಲಿ ಈಗ ಇರುವುದು ನಾವಿಬ್ಬರೇ. ಮಗಳು ಅನಂತಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ನಮ್ಮವರು ಕರೆಂಟು ಇಲಾಖೆಯಲ್ಲಿ ಲೈನ್ ಇನ್ಸ್ಪೆಕ್ಟರು. ಊರಿನ ಯಾವ ಕಂಬದಲ್ಲಿ ಯಾವ ತಂತಿ ಸಡಿಲವಾಗಿದೆ ಎಂದು ದಾರಿಯಲ್ಲಿ ನಡೆಯುತ್ತಲೇ ಹೇಳಬಲ್ಲರು.

"ಏನೇ, ಈ ವಯಸ್ನಲ್ಲಿ ಕ್ಲಿಪ್ ಫ್ಯಾಷನ್ನು?" ಎಂದರು ಒಂದು ದಿನ.

"ಸುಮ್ನೆ," ಎಂದೆ.

ಇನ್ನೊಂದು ಬೆಳಿಗ್ಗೆ ಒಲೆಯಿಂದ ಇಳಿಸುತ್ತಿದ್ದ ಸಾರಿನ ಪಾತ್ರೆ ಕೈಜಾರಿತು. ಸಾರು ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿ ಹರಿಯಿತು. ಅಂದು ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಕೈಯನ್ನು ಎತ್ತಿ, ತಿರುಗಿಸಿ, "ಶುಗರ್ ಇದೆಯಾ?" ಎಂದರು. ಇದೆ ಎಂದೆ. "ಫ್ರೋಜನ್ ಶೋಲ್ಡರ್. ಶುಗರ್ ಇರೋವ್ರಿಗೆ ಜಾಸ್ತಿ ಬರುತ್ತೆ. ಭುಜದ ಕೀಲು ಬಿಗಿದುಕೊಳ್ಳುತ್ತೆ. ವರ್ಷ, ಒಂದೂವರೆ ವರ್ಷ ಹಿಡಿಯುತ್ತೆ. ಕೆಲವ್ರಿಗೆ ಪೂರ್ತಿ ಬರಲ್ಲ. ಫಿಜಿಯೋಥೆರಪಿ ಮಾಡಿಸಿ," ಎಂದವರು ಮಾತು ಮುಗಿಯುವ ಮೊದಲೇ ಮುಂದಿನವರಿಗೆ ಗಂಟೆ ಒತ್ತಿದ್ದರು.

ಹೊರಗೆ ತಾರು ಕರಗುವ ಬಿಸಿಲು. "ಇಂಥ ಬಿಸ್ಲಲ್ಲಿ ಹೆಪ್ಪುಗಟ್ಟಿದೀಯಲ್ಲೇ, ನಿನ್ನ ಫ್ರಿಜ್ಜಿಗಿಂತ ಮೇಲು," ಎಂದು ನಮ್ಮವರು ನಗಿಸಲು ನೋಡಿದರು. ನಾನೂ ನಕ್ಕೆ. ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ನಾನು ಆ ಕೆಲವರಲ್ಲಿ ಒಬ್ಬಳೋ, ಅಲ್ಲವೋ? ಆ ವರ್ಷವೆಲ್ಲ ನಾನು ಕೇಳಿಕೊಂಡ ಪ್ರಶ್ನೆ ಇದೊಂದೇ.

ಫಿಜಿಯೋಥೆರಪಿ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ. ಹಸಿರು ಪರದೆ, ರೆಕ್ಸಿನ್ ಹರಿದ ಎರಡು ಮಂಚ, ಗೋಡೆಗೆ ಹೊಡೆದ ಒಂದು ಮರದ ಚಕ್ರ, ಚಾವಣಿಯಿಂದ ಇಳಿಬಿಟ್ಟ ರಾಟೆ ಮತ್ತು ಹಗ್ಗ. ಹೊರಗಿನ ಬೆಂಚಿನ ಮೇಲೆ ಕುಳಿತರೆ ಒಳಗಿನವರ ನರಳಾಟವೆಲ್ಲ ಕೇಳುತ್ತದೆ. ಮೊದಲ ದಿನ ಅಲ್ಲಿ ಕುಳಿತಾಗ, ಬಂದ ಪ್ರತಿ ಹೆಂಗಸೂ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಕೂಸಿನ ಹಾಗೆ ಹಿಡಿದುಕೊಂಡಿರುವುದನ್ನು ನೋಡಿದೆ. ಆಮೇಲೆ ನೋಡಿದರೆ ನಾನೂ ಹಾಗೇ ಕುಳಿತಿದ್ದೆ. ಯಾಕೋ ಒಂಚೂರು ಧೈರ್ಯ ಬಂತು.

ಅಲ್ಲಿ ನನಗೆ ಸಿಕ್ಕವಳು ಲಾವಣ್ಯ. ಸೆಟ್ಟೂರಿನ ಹುಡುಗಿ. ಬೆಂಗಳೂರಿನಲ್ಲಿ ಫಿಜಿಯೋಥೆರಪಿಯಲ್ಲಿ ಹೆಚ್ಚಿನ ಓದು ಓದುತ್ತ, ತನ್ನ ಸಂಶೋಧನೆಗಾಗಿ ನಮ್ಮ ಊರಿನ ಆಸ್ಪತ್ರೆಗೆ ಬಂದಿದ್ದಳು. ನನ್ನಂತೆ ಭುಜ ಹಿಡಿದುಕೊಂಡವರನ್ನು ವಾರವಾರವೂ ಅಳೆದು, ಯಾರಿಗೆ ಎಷ್ಟು ನೋವು, ಯಾವ ಕೆಲಸ ಎಷ್ಟು ಕಷ್ಟ ಎಂದು ಬರೆದುಕೊಂಡು, ಅದಕ್ಕೆ ತಕ್ಕಂತೆ ಚಿಕಿತ್ಸೆ ಕೊಟ್ಟು, ಏನು ಫಲ ಎಂದು ನೋಡುವುದು ಅವಳ ಕೆಲಸ. "ಇದು ಪರೀಕ್ಷೆ ಅಲ್ಲಕ್ಕಾ. ತಪ್ಪು ಸರಿ ಅಂತ ಇಲ್ಲ," ಎಂದು ಹೇಳಿ ಸಹಿ ಹಾಕಿಸಿಕೊಂಡಳು.

ಅವಳ ಕೈಯಲ್ಲಿ ಒಂದು ಪಟ್ಟಿ. ಅದರ ಮೇಲೆ ಸೊನ್ನೆಯಿಂದ ಹತ್ತರವರೆಗೆ ಗೆರೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಸಹಿಸಲಾಗದ್ದು. ನನಗಿಂತ ಮುಂಚೆ ಗಂಗಮ್ಮನ ಸರದಿ. ಚಿಲಮತ್ತೂರಿನ ಹತ್ತಿರ ಹೈವೇ ಪಕ್ಕ ಟೀ ಅಂಗಡಿ ಇಟ್ಟುಕೊಂಡಿರುವ ಗಟ್ಟಿ ಗಂಟಲಿನ ಹೆಂಗಸು.

"ನೊಪ್ಪಿ ಎಷ್ಟು ಗಂಗಮ್ಮಾ?" ಲಾವಣ್ಯ ತೆಲುಗು ಬೆರೆಸಿ ನೋವು ಕೇಳಿದಳು.

"ಇಪ್ಪತ್ತು ಬರ್ಕಳಮ್ಮಿ."

"ಹತ್ತರ ಮೇಲೆ ಇಲ್ಲ ಗಂಗಮ್ಮಾ."

"ನಿನ್ ಪಟ್ಟೀಲಿ ಇಲ್ದಿದ್ರೆ ನಾನೇನ್ ಮಾಡ್ಲಿ? ನನ್ ಭುಜದಾಗೆ ಐತೆ!"

ಬೆಂಚಿನವರೆಲ್ಲ ನಕ್ಕರು. ನನಗೆ ನಾಚಿಕೆಯಾಯಿತು, ಅವಳ ಪರವಾಗಿ. ಹೀಗೆಲ್ಲ ಕೂಗಬಹುದೇ ಎಂದು. ನನ್ನ ತವರು ಪರಿಗಿ, ಬೇಸಾಯದ ಮನೆ. ಓದಿದ್ದು ಮಾತ್ರ ಕಾನ್ವೆಂಟಿನಲ್ಲಿ, ಸಿಸ್ಟರುಗಳ ಕಣ್ಣಳತೆಯ ಹಾಸ್ಟೆಲಿನಲ್ಲಿ. ಮೊಣಕಾಲು ತರಚಿದರೆ ಅಳಬಾರದು. ಆ ನೋವನ್ನು ಯಾರಿಗಾದರೂ ಒಳ್ಳೆಯದಾಗಲಿ ಎಂದು ದೇವರಿಗೆ ಒಪ್ಪಿಸಿಬಿಡಬೇಕು. ಕೇಳಿದ್ದಕ್ಕೆ ಮೆಲ್ಲಗೆ, ನಗುಮುಖದಿಂದ, ಕೇಳಿದವರಿಗೆ ತೊಂದರೆಯಾಗದಂತೆ ಉತ್ತರ ಕೊಡಬೇಕು. ಅವರು ಕೆಟ್ಟದ್ದೇನೂ ಕಲಿಸಲಿಲ್ಲ. ನಾನೇ ಅದನ್ನು ಎಲ್ಲಿಗೂ ಹೊತ್ತುಕೊಂಡು ಹೋದೆ.

"ನಿಮಗೆ ಎಷ್ಟಕ್ಕಾ?"

ಎಂಟು ಎಂಬುದು ಬಾಯಿಗೆ ಬಂದಿತ್ತು. ಪಕ್ಕದಲ್ಲಿ ನಿಂತಿದ್ದ ನಮ್ಮವರು, "ಅಷ್ಟೇನಿಲ್ಲಮ್ಮ. ಮನೇಲಿ ಎಲ್ಲಾ ಇವ್ಳೇ ಮಾಡ್ತಾಳೆ," ಎಂದರು, ಹೆಮ್ಮೆಯಿಂದಲೇ.

"ಮೂರು," ಎಂದೆ.

ಆಮೇಲೆ ಪ್ರಶ್ನೆಗಳ ಹಾಳೆ. ಯಾವುದೋ ದೇಶದಲ್ಲಿ ಮಾಡಿದ್ದನ್ನು ತೆಲುಗಿಗೂ ಕನ್ನಡಕ್ಕೂ ಇಳಿಸಿದ್ದರು. ಎತ್ತರದ ಹಲಗೆಯ ಮೇಲೆ ವಸ್ತು ಇಡಲು ಎಷ್ಟು ಕಷ್ಟ? ನಾನು ಎತ್ತರದ ಹಲಗೆಯ ಮೇಲೆ ಈಗ ಏನೂ ಇಡುವುದಿಲ್ಲವಲ್ಲ. ಕಷ್ಟವಿಲ್ಲ ಎಂದೆ. ಬೆನ್ನು ತೊಳೆದುಕೊಳ್ಳಲು? ತೊಳೆದುಕೊಳ್ಳುವುದನ್ನೇ ಬಿಟ್ಟಿದ್ದೆ. ಕಷ್ಟವಿಲ್ಲ. ಹಿಂದಿನ ಜೇಬಿನಿಂದ ಪರ್ಸು ತೆಗೆಯಲು? ಸೀರೆಗೆ ಎಲ್ಲಿಯ ಹಿಂದಿನ ಜೇಬು? ಕಷ್ಟವಿಲ್ಲ. ಒಂದೊಂದು ಉತ್ತರಕ್ಕೂ ನನ್ನ ಬಳಿ ಕಾರಣವಿತ್ತು. ಶಾಲೆಯಲ್ಲಿ ಒಳ್ಳೆಯ ಅಂಕ ಬಂದಾಗ ಆಗುತ್ತಿದ್ದಂಥ ಸಮಾಧಾನವೂ ಆಯಿತು ಎಂದರೆ ಈಗ ನಗು ಬರುತ್ತದೆ.

ಲಾವಣ್ಯ ಎರಡು ಕಾಲಿನ ಪ್ಲಾಸ್ಟಿಕ್ಕಿನ ಅಳತೆಪಟ್ಟಿಯನ್ನು ಭುಜಕ್ಕೆ ಹಿಡಿದು ಕೈ ಎತ್ತಿಸಿದಳು. ತೊಂಬತ್ತು ಡಿಗ್ರಿ. ಭುಜದ ಮಟ್ಟಕ್ಕೆ ಬಂದು ನಿಂತಿತ್ತು. ಅವಳು ತನ್ನ ಹಾಳೆ ನೋಡಿಕೊಂಡು, ನೋವಿನ ಹಂತ ದಾಟಿದೆ, ಈಗ ಇರುವುದು ಬರೀ ಬಿಗಿತ, ಹಾಗಾಗಿ ಸ್ವಲ್ಪ ಜೋರಾಗಿಯೇ ಎಳೆಯಬಹುದು ಎಂದಳು. ನೋವಿದ್ದವರಿಗೆ ಹಾಗೆ ಎಳೆಯುವಂತಿಲ್ಲವಂತೆ.

ವಾರಕ್ಕೆ ಮೂರು ದಿನ. ಅವಳು ಮೊಣಕೈ ಹಿಡಿದು ಮೇಲಕ್ಕೆ ಒತ್ತುವಾಗ ನಾನು ಚಾವಣಿಯ ಫ್ಯಾನಿನ ರೆಕ್ಕೆಗಳ ಮೇಲಿನ ಧೂಳು ನೋಡುತ್ತ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಹದಿಮೂರೈದ್ಲ ಅರವತ್ತೈದು ಆಗುವಷ್ಟರಲ್ಲಿ ಕಣ್ಣು ಕತ್ತಲಿಡುತ್ತಿತ್ತು.

"ತಡ್ಕೋಬಹುದಾ ಅಕ್ಕಾ?"

"ಪರವಾಗಿಲ್ಲಮ್ಮ."

"ಇವತ್ತು ಎಷ್ಟು?"

"ಎರಡು."

ಅವಳ ಮುಖ ಅರಳುತ್ತಿತ್ತು. ಅದಕ್ಕಾಗಿಯೇ ಎರಡು ಎಂದೆನೋ ಏನೋ. ಪಕ್ಕದ ಮಂಚದಿಂದ ಗಂಗಮ್ಮ, "ಚಚ್ಚಿಪೋತಾನೇ ತಲ್ಲೀ!" ಎಂದು ಸತ್ತೇಹೋದವಳಂತೆ ತೆಲುಗಿನಲ್ಲಿ ಕಿರುಚುತ್ತಿದ್ದಳು. ಲಾವಣ್ಯ ಅವಳಿಗೆ ಬರೀ ಬಿಸಿ ಶಾಖ ಕೊಟ್ಟು, ಕೈಯನ್ನು ಜೋಲಾಡಿಸುವ ವ್ಯಾಯಾಮ ಹೇಳಿಕೊಟ್ಟು ಕಳಿಸುತ್ತಿದ್ದಳು. ನಾನು ಆಟೋದಲ್ಲಿ ಕುಳಿತ ಮೇಲೆ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದೆ.

ಆರು ವಾರ ಕಳೆಯಿತು. ಗಂಗಮ್ಮನ ಕೈ ಕಿವಿಯವರೆಗೆ ಏಳತೊಡಗಿತು. ನನ್ನದು ಎಂಬತ್ತಕ್ಕೆ ಇಳಿಯಿತು, ಆಮೇಲೆ ಎಪ್ಪತ್ತಕ್ಕೆ. ಲಾವಣ್ಯ ಅಳತೆಪಟ್ಟಿಯನ್ನು ಎರಡೆರಡು ಸಲ ಇಟ್ಟು ನೋಡಿದಳು. "ಇದು ಹಿಂಗಾಗಬಾರ್ದಕ್ಕಾ. ನಾನೇ ಏನೋ ತಪ್ಪು ಮಾಡ್ತಿದೀನಿ," ಎಂದಳು. ಒಂದು ದಿನ ನಾನು ಬೆಂಚಿನ ಮೇಲಿದ್ದಾಗ ಪರದೆಯ ಹಿಂದೆ ಅವಳ ಫೋನಿನ ಮಾತು ಕೇಳಿತು. ಬೆಂಗಳೂರಿನ ಮೇಡಂ ಇರಬೇಕು. "ಇಲ್ಲ ಮೇಡಂ, ಪೇಶೆಂಟ್ ಎರಡೇ ಅಂತಾರೆ... ಹೌದು ಮೇಡಂ, ಪ್ರತಿ ಸಲ ಕೇಳಿದೀನಿ... ಸಾರಿ ಮೇಡಂ." ಸಾರಿ ಎಂದು ನಾಲ್ಕು ಸಲ ಹೇಳಿದಳು. ನಾನು ಬಾಯಿ ಬಿಡಲಿಲ್ಲ. ಇಷ್ಟು ದಿನ ಹೇಳದೆ ಈಗ ಹೇಳಿದರೆ ಸುಳ್ಳಿ ಎಂದಾಗುವುದಿಲ್ಲವೇ ಎಂಬ ಅಂಜಿಕೆ. ಕಾಯಿಲೆಯ ದಿನಗಳಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆಯಾದ ಗಳಿಗೆ ಅದು.

ಆ ವಾರವೇ ಕಲ್ಯಾಣದುರ್ಗದಲ್ಲಿ ಮೈದುನನ ಮಗಳ ಸೀಮಂತ. ಅತ್ತೆ ಇರುವುದು ಆ ಮನೆಯಲ್ಲೇ. ನಾನು ಹುಡುಗಿಗೆ ದೊಡ್ಡಮ್ಮ. ಮೊದಲ ಆರತಿ ನನ್ನದು. ತಟ್ಟೆ ಎರಡೂ ಕೈಯಲ್ಲಿ ಹಿಡಿದೆ. ಹಾಡು ಶುರುವಾಯಿತು. ಹುಡುಗಿಯ ಮುಖದ ಮಟ್ಟಕ್ಕೆ ಎತ್ತುವಾಗ ಎಡಗೈ ಮೇಲೆ ಹೋಯಿತು, ಬಲಗೈ ಹೋಗಲಿಲ್ಲ. ತಟ್ಟೆ ವಾಲಿ ಕೆಂಪು ನೀರೆಲ್ಲ ಅವಳ ಮಡಿಲಿಗೆ, ಹಸಿರು ರೇಷ್ಮೆಯ ಮೇಲೆ ಚೆಲ್ಲಿತು. ಹಾಡು ನಿಂತಿತು. ಬಸುರಿಯ ಮಡಿಲು. ಎಲ್ಲರ ಕಣ್ಣೂ ಆ ಕೆಂಪು ಕಲೆಯ ಮೇಲೆ.

ಮೊದಲು ಮಾತಾಡಿದವರು ಅತ್ತೆ. "ಕಾನ್ವೆಂಟ್ನಾಗೆ ಆರ್ತಿ ಎತ್ತೋದು ಕಲ್ಸಿಲ್ವೇನಮ್ಮ? ಬರೀ ಇಂಗ್ಲೀಷೇಯಾ?" ಎಲ್ಲರೂ ನಕ್ಕರು. ಹುಡುಗಿಯೂ ನಕ್ಕು, "ಬಿಡು ದೊಡ್ಡಮ್ಮ, ಒಗೆದ್ರೆ ಹೋಯ್ತದೆ," ಎಂದಳು. ನಾನು ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಜೋಳದ ಮೂಟೆಯ ಮೇಲೆ ಕುಳಿತೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ.

"ಬಲಗೈಯಾ?" ಎಂದರು.

ತಲೆಯಾಡಿಸಿದೆ.

"ಎಷ್ಟು ದಿನ ಆಯ್ತು?"

"ಏಳು ತಿಂಗಳು."

"ಎತ್ತು ನೋಡನ."

ಎತ್ತಿದೆ. ಭುಜದ ಮಟ್ಟಕ್ಕೂ ಬರಲಿಲ್ಲ. ಅವರು ನನ್ನೆದುರು ನಿಂತು ತಮ್ಮ ಬಲಗೈ ಎತ್ತಿದರು. ಅದೂ ಭುಜದ ಹತ್ತಿರ ಬಂದು ನಿಂತಿತು. ಅವರ ಮುಖದಲ್ಲಿ ನೋವಿರಲಿಲ್ಲ. ಗೋಡೆಗೆ ತಾಗಿದ ಬಾಗಿಲಿನ ಹಾಗೆ ಸುಮ್ಮನೆ ನಿಂತಿತು, ಅಷ್ಟೆ.

"ನಂದು ಇಷ್ಟೇ ಕಣಮ್ಮ. ನಿನ್ ಗಂಡ ಹೈಸ್ಕೂಲ್ನಾಗಿದ್ದಾಗ ಹಿಡ್ಕಂಡಿದ್ದು."

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷ. ಅತ್ತೆಯ ಮುಡಿಗೆ ಹೂ ಮುಡಿಸಿದ್ದು ನಾನು. ಅಟ್ಟದ ಗಡಿಗೆ ಇಳಿಸಿಕೊಟ್ಟಿದ್ದು ನಾನು. ಅವರು ತಲೆಸ್ನಾನಕ್ಕೆ ಮಣೆಯ ಮೇಲೆ ಕುಕ್ಕರಿಸಿ ಕುಳಿತರೆ ನೀರು ಹುಯ್ದಿದ್ದು ನಾನು. ಅದೆಲ್ಲ ಅತ್ತೆಯ ದರ್ಬಾರು ಎಂದೇ ಇಷ್ಟು ವರ್ಷವೂ ತಿಳಿದಿದ್ದೆ. ಎಷ್ಟು ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೆ.

"ಯಾರಿಗೂ ಯಾಕೆ ಹೇಳಲಿಲ್ಲ ಅತ್ತೆ?"

"ಯಾರ್ಗೆ ಹೇಳನ? ನಿಮ್ಮಾವಂಗೆ ಹೇಳಿದ್ರೆ, ನೇಗ್ಲು ಹೊತ್ತೋನು ನಾನು, ನಿಂಗ್ಯಾಕೆ ಭುಜ ನೋವು ಅನ್ನೋನು. ಸೊಸೆ ಬಂದ್ಮೇಲೆ ಸರಿಹೋಯ್ತು ಬುಡು."

"ಕೈ ಸರಿಹೋಯ್ತಾ?"

"ಕೈಯಲ್ಲ ಕಣಮ್ಮ. ಕೆಲ್ಸ."

ಹೊರಗೆ ಬಳೆ ತೊಡಿಸುವ ಹಾಡು ಶುರುವಾಗಿತ್ತು. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿಂಗಿರೋದು ಒಬ್ಳೇ ಮಗ್ಳು. ಅವ್ಳೂ ಒಂದಿನ ಹೋಯ್ತಾಳೆ. ನೀನು ಯಾರ್ ಕೈಲಿ ಮಾಡಿಸ್ಕಂತೀಯ? ಡಾಕ್ಟ್ರಮ್ಮನ ತಾವ ಹೋಗ್ತಿದೀಯಂತಲ್ಲ, ಬಾಯ್ಬುಟ್ಟು ಹೇಳು. ಸುಮ್ಕಿದ್ದು ನಾನೇನ್ ಕಂಡೆ?"

ಮರಳಿ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿಯಲಾಗದೆ ಸೀಟಿನ ಒರಗಿಗೆ ಸೊಂಟ ಒತ್ತಿ ನಿಂತೆ. ನಮ್ಮವರಿಗೆ ಅಲ್ಲೇ, ಜನರ ನಡುವೆ, ಎಲ್ಲವನ್ನೂ ಹೇಳಿದೆ. "ಮೇಲಿನ ಹಲಗೆ ಖಾಲಿ ಆಗಿದ್ದು ನಂಗೆ ಕಾಣ್ಲೇ ಇಲ್ವಲ್ಲೇ," ಎಂದರು ಅವರು. "ಕರೆಂಟ್ ಕಂಬದ ಮೇಲಿನ ಗುಬ್ಬಚ್ಚಿ ಗೂಡು ಕಾಣ್ತದೆ ನಂಗೆ."

ಸೋಮವಾರ ಲಾವಣ್ಯಳ ಮುಂದೆ ಕುಳಿತೆ. "ನಾನು ಹೇಳಿದ್ದೆಲ್ಲ ಸುಳ್ಳಮ್ಮ. ಮೊದಲನೇ ದಿನದಿಂದಲೂ ಎಂಟು. ನೀನು ಎಳೆದ ದಿನ ಒಂಬತ್ತು," ಎಂದೆ.

ಅವಳು ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ. ನನ್ನ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಮೂಗಿನ ತುದಿ ಕೆಂಪಾಯಿತು.

"ಆರು ವಾರ ಅಕ್ಕಾ. ಉರೀತಿರೋ ಭುಜಾನ ಆರು ವಾರ ಎಳ್ದಿದೀನಿ. ನೀವು ನನ್ ಕೈಯಿಂದ ಮಾಡ್ಸಿದ್ರಿ."

"ನಿನಗೆ ಬೇಜಾರಾಗಬಾರದು ಅಂತ..."

"ಈಗ ಆಗ್ಲಿಲ್ವಾ?"

ನನ್ನ ಹಾಳೆಗಳನ್ನು ಅವಳ ಸಂಶೋಧನೆಯಲ್ಲಿ ಸೇರಿಸುವಂತಿಲ್ಲ, ಮೇಡಂಗೆ ನಡೆದದ್ದನ್ನು ಹಾಗೆಯೇ ಬರೆದು ತಿಳಿಸುತ್ತೇನೆ ಎಂದಳು. ಪ್ರತಿ ಪುಟದ ಮೇಲೂ ಅಡ್ಡಗೆರೆ ಎಳೆದಳು, ಸ್ಕೇಲು ಇಟ್ಟು, ನೀಟಾಗಿ. ಚಿಕಿತ್ಸೆ ಮಾತ್ರ ಬಿಡುವುದಿಲ್ಲ ಎಂದಳು. ಎಲ್ಲ ಕೇಳಿಸಿಕೊಂಡ ಗಂಗಮ್ಮ ಪಕ್ಕದ ಮಂಚದಿಂದಲೇ, "ನಾನ್ ಇಪ್ಪತ್ತು ಅಂದಿದ್ರಾಗೆ ಈಯಮ್ಮುಂದೂ ಸೇರಿತ್ತು ಅಂದ್ಕಳಮ್ಮಿ. ಲೆಕ್ಕ ಸರಿಹೋಯ್ತದೆ," ಎಂದಳು. ಲಾವಣ್ಯ ಅಳುತ್ತಲೇ ನಕ್ಕಳು.

ಆಮೇಲೆ ಅವಳು ಮೊದಲಿನ ಪ್ರಶ್ನೆಗಳ ಹಾಳೆಯನ್ನು ಬದಿಗಿಟ್ಟು ಬಿಳಿ ಹಾಳೆ ತೆಗೆದಳು. "ಏನು ಕಷ್ಟ ಅಂತ ಕೇಳಲ್ಲಕ್ಕಾ. ಏನೇನ್ ಮಾಡೋದು ಬಿಟ್ಟಿದೀರ, ಅದ್ ಹೇಳಿ."

ಜಡೆ, ಎಂದೆ. ಮೇಲಿನ ಹಲಗೆ. ತಲೆಗೆ ಚೊಂಬಿನಿಂದ ನೀರು ಹುಯ್ದುಕೊಳ್ಳುವುದು. ಮುದ್ದೆಗೆ ಕೋಲು ಹಾಕಿ ತಿರುವುವುದು. ಹಿಂದೆ ಸೀರೆ ಸಿಕ್ಕಿಸುವುದು. ದನಿ ಇಳಿಸಿ, ಒಳ ಉಡುಪಿನ ಹುಕ್ಕು ಎಂದೆ. ಸೀಟಿಲ್ಲದ ಬಸ್ಸು ಹತ್ತುವುದು. ಬಟ್ಟೆ ಒಣಗಿಸುವುದು. ಗಂಗಮ್ಮ ತನ್ನದೂ ಸೇರಿಸಿದಳು: ಟೀಯನ್ನು ಮೇಲಿನಿಂದ ಕೆಳಕ್ಕೆ ಎತ್ತಿ ಹುಯ್ಯುವುದು, ಶಟರ್ ಎಳೆಯುವುದು. ಹಾಳೆಯ ಎರಡೂ ಬದಿ ತುಂಬಿತು. ಅಷ್ಟನ್ನು ಬಿಟ್ಟು ಬದುಕುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಬೇರೆ ಹೆಂಗಸರಿಗೂ ಹೀಗೆಯೇ ಕೇಳಬೇಕು, ಮೇಡಂ ಹತ್ತಿರ ಮಾತಾಡುತ್ತೇನೆ ಎಂದಳು ಲಾವಣ್ಯ.

ಒಂದು ತಿಂಗಳು ಅವಳು ನನ್ನ ಭುಜವನ್ನು ಎಳೆಯಲೇ ಇಲ್ಲ. ಶಾಖ, ಜೋಲಾಟ, ಬೆರಳುಗಳಲ್ಲಿ ಗೋಡೆ ಹತ್ತುವುದು, ಅಷ್ಟೆ. ನಮ್ಮವರು ಬಾಗಿಲ ಚೌಕಟ್ಟಿಗೆ ರಾಟೆ ಬಿಗಿದು ಹಗ್ಗ ಇಳಿಬಿಟ್ಟರು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ನನ್ನ ಜಡೆ ಹಾಕುವ ಕೆಲಸವನ್ನೂ ವಹಿಸಿಕೊಂಡರು. "ಮೂರು ಫೇಸು ಕಣೇ, ಇದ್ರಲ್ಲೇನ್ ಕಷ್ಟ," ಎಂದು ಶುರು ಮಾಡಿ, ಕರೆಂಟ್ ತಂತಿ ಹುರಿ ಮಾಡಿದಂತೆ ಬಿಗಿದುಬಿಡುತ್ತಿದ್ದರು. ಹುಬ್ಬು ಮೇಲಕ್ಕೆ ಎಳೆದು ಇಡೀ ದಿನ ಆಶ್ಚರ್ಯಗೊಂಡವಳಂತೆ ಓಡಾಡುತ್ತಿದ್ದೆ. ಬಿಗಿಯಾಯಿತು ಎಂದು ಹೇಳಲು ನಾಲ್ಕು ದಿನ ಹಿಡಿಯಿತು. ಹೇಳಿದೆ. ಸಡಿಲ ಮಾಡಿದರು. ಇಷ್ಟು ಸುಲಭವೇ ಎನ್ನಿಸಿತು.

ಸುಲಭ ಎಂದು ಬರೆದೆ, ಆದರೆ ಕೈ ಸುಲಭವಾಗಿ ಬರಲಿಲ್ಲ. ಎಪ್ಪತ್ತೈದು, ಎಂಬತ್ತೈದು, ಒಂದು ವಾರ ಮತ್ತೆ ಎಂಬತ್ತು. ಸುಳ್ಳು ಹೇಳಿ ಕಳೆದ ಆ ಆರು ವಾರಕ್ಕೆ ನನ್ನ ಕೈ ತೆತ್ತದ್ದೆಷ್ಟು ಎಂದು ಲಾವಣ್ಯಳನ್ನು ಕೇಳಿದೆ. "ಗೊತ್ತಿಲ್ಲಕ್ಕಾ, ಹೇಳಕ್ಕಾಗಲ್ಲ," ಎಂದಳು. ಅವಳೂ ಸುಳ್ಳು ಹೇಳಲಿಲ್ಲ. ವರ್ಷ ತಿರುಗುವ ಹೊತ್ತಿಗೆ ಕೈ ಕಿವಿಯ ಮೇಲಕ್ಕೆ ಬಂತು. ಜಡೆ ನಾನೇ ಹಾಕಿಕೊಳ್ಳುತ್ತೇನೆ, ನಡುನಡುವೆ ನಿಲ್ಲಿಸಿ. ಹಿಂದಿನ ಹುಕ್ಕು ಇನ್ನೂ ಎಟುಕುವುದಿಲ್ಲ. ಎಟುಕದೆಯೂ ಹೋಗಬಹುದು.

ಲಾವಣ್ಯ ಬೆಂಗಳೂರಿಗೆ ಮರಳುವ ವಾರ ನನ್ನನ್ನು ಕೊನೆಯ ಸಲ ಅಳೆದಳು. ಆ ಅಂಕಿ ಅವಳ ಯಾವ ಪಟ್ಟಿಗೂ ಹೋಗುವುದಿಲ್ಲ, ಬರೀ ನನಗಾಗಿ. ನೂರಾ ನಲವತ್ತು. ನೋವು ಎಷ್ಟು ಎಂದಳು. ಎರಡು ಎಂದೆ. ಅವಳು ತಲೆ ಎತ್ತಿ ನೋಡಿದಳು.

"ನಿಜವಾದ ಎರಡು," ಎಂದೆ.

ಬರೆದುಕೊಂಡು ಪೆನ್ನಿಗೆ ಮುಚ್ಚಳ ಹಾಕಿದಳು. ಮಂಚದಿಂದ ಇಳಿಯುತ್ತಿದ್ದ ನಾನು ಅಲ್ಲೇ ನಿಂತೆ. ಹನ್ನೊಂದು ದಿನದಿಂದ ಎಡಗೈಯಲ್ಲಿ, ಭುಜದ ಅದೇ ಜಾಗದಲ್ಲಿ, ಒಂದು ಮಂಕು ನೋವು. ಶುಗರ್ ಇರುವವರಿಗೆ ಎರಡನೆಯದಕ್ಕೂ ಬರಬಹುದು ಎಂದು ಬೆಂಚಿನ ಮೇಲೆ ಯಾರೋ ಹೇಳಿದ್ದು ಕೇಳಿದ್ದೆ. ಮತ್ತೊಂದು ವರ್ಷ, ಮತ್ತೆ ಮೊದಲಿನಿಂದ. ಹೇಳದಿದ್ದರೆ ಅದು ಇಲ್ಲವಾಗುತ್ತದೆಯೇನೋ ಎಂಬ ಆಸೆ ಆ ಗಳಿಗೆಯಲ್ಲೂ ಇತ್ತು.

"ಲಾವಣ್ಯಾ, ಎಡಗೈಯಮ್ಮ. ಹನ್ನೊಂದು ದಿನ ಆಯ್ತು," ಎಂದೆ.

ಅವಳು ನನ್ನನ್ನು ಮತ್ತೆ ಮಂಚದ ಮೇಲೆ ಕೂರಿಸಿದಳು. ಪೆನ್ನಿನ ಮುಚ್ಚಳ ತೆಗೆದಳು.

"ಎಷ್ಟಕ್ಕಾ?"

"ಐದು," ಎಂದೆ. ಆಮೇಲೆ ಇನ್ನೊಮ್ಮೆ ಯೋಚಿಸಿ, "ಇಲ್ಲ, ಆರು," ಎಂದೆ. ಪರದೆಯ ಆಚೆ ಬೆಂಚಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.